ಮಳೆ ಪುಸ್ತಕಕ್ಕೆ ಬಂದ ಜಗಳ

“ಟೀ ಅಂಗಡೀಲಿ ವಾದ ಕೇಳ್ತಾ ಕೂರಬೇಡಿ, ಬೇಗ ಬನ್ನಿ.” ನನ್ನ ಹೆಂಡತಿ ಕೊನೆಗೆ ಆಡಿದ ಮಾತು. ಕೇಳ್ತಾ ಕೂತೆ. ಮನೆಗೆ ಬರುವಷ್ಟರಲ್ಲಿ ಅವಳು ತೀರಿಹೋಗಿದ್ದಳು.

ವಾದ ಆಮೇಲೂ ನಿಲ್ಲಲಿಲ್ಲ. ನರಸೀಪುರದ ಒಂದು ಆಫೀಸಿನಲ್ಲಿ ನಾನು ಜವಾನ. ದಿನಾ ಬೆಳಿಗ್ಗೆ ಎಂಟೂವರೆಗೆ ಅಂಗಳದ ಮಳೆ ಡಬ್ಬಿಯ ನೀರು ಅಳೆದು ಪುಸ್ತಕದಲ್ಲಿ ಬರೆಯಬೇಕು. ಭೂಮಿ ಬಿಸಿಯಾಗ್ತಿದೆ ಅಂತ ಪೇಪರಿನಲ್ಲಿ ಬಂದ ಮೇಲೆ ಊರು ಎರಡು ಪಾರ್ಟಿ ಆಯಿತು, ಬಿಸಿ ಅನ್ನೋರದ್ದು ಒಂದು, ಸುಳ್ಳು ಅನ್ನೋರದ್ದು ಒಂದು. ಎರಡಕ್ಕೂ ನಾನೇ ಸಾಕ್ಷಿ. ನಾನು ಓದಿದವನಲ್ಲ. ನನ್ನದು ಅಂತ ಇರೋದು ಆ ಪುಸ್ತಕ. ಜಗಳದಲ್ಲಿ ಯಾರಾದರೂ ಅದನ್ನೇ ಸುಳ್ಳು ಅಂದುಬಿಟ್ಟರೆ ಅಂತ ಸದಾ ಅಂಜಿಕೆ.

ಟೀ ಅಂಗಡಿ

ರಿಟೈರಾದ ಮೇಷ್ಟ್ರು ಸೆಖೆ ಜಾಸ್ತಿಯಾಗಿದೆ ಅಂದರು. ಗೊಬ್ಬರದ ಅಂಗಡಿಯವರು, ಅದೆಲ್ಲ ಫಾರಿನ್ನಿನವರ ಸುಳ್ಳು, ಮೇಷ್ಟ್ರು ಕಾಸು ತಿಂದವ್ರೆ ಅಂದರು. ಮೇಷ್ಟ್ರು ಅವರನ್ನು ಕತ್ತೆ ಅಂದರು. ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಅಳೆಯೋದು ಮಳೆ, ಸೆಖೆ ಅಲ್ಲ ಅಂದೆ.

“ಅಂಗಾದ್ರೆ ಇಲ್ಲೇನ್ಲಾ ನಿಂಗೆ ಕೆಲ್ಸ?” ಅಂದರು ಇಬ್ಬರೂ. ಆ ವರ್ಷವೆಲ್ಲ ಅವರು ಒಪ್ಪಿದ್ದು ಅದೊಂದೇ ಮಾತು.

ಮೈಕು

ನಂಜನಗೂಡಿನಲ್ಲಿ ಇದೇ ವಿಷಯಕ್ಕೆ ಒಂದು ಸಭೆ. ಪುಸ್ತಕದ ಸಮೇತ ನನ್ನನ್ನೂ ಕರೆಸಿದ್ದರು. ಇಬ್ಬರು ಭಾಷಣಕಾರರು, ಮೈಕು ಒಂದು. ಒಬ್ಬರು “ದೇಶದ್ರೋಹಿ” ಅನ್ನುವಾಗ ಕರೆಂಟು ಹೋಯಿತು. ತಕ್ಷಣ ಇಬ್ಬರೂ ಕೂತು ಒಂದೇ ಪೇಪರಿನಲ್ಲಿ ಗಾಳಿ ಬೀಸಿಕೊಂಡರು, ಮಕ್ಕಳ ಮದುವೆ ವಿಚಾರಿಸಿಕೊಂಡರು. ಕರೆಂಟು ಬಂತು. “ದೇಶದ್ರೋಹಿ”ಯಿಂದಲೇ ಶುರುವಾಯಿತು.

ಆ ಒಂದು ತಾರೀಕು

ಅದೇ ಸಭೆಯಲ್ಲಿ ಬಿಸಿ ಪಾರ್ಟಿಯವರು ನನ್ನ ಪುಸ್ತಕ ಎತ್ತಿ ತೋರಿಸಿ, ಇಷ್ಟು ವರ್ಷದಲ್ಲಿ ಒಂದು ದಿನ ತಪ್ಪಿಲ್ಲ ಅಂದರು. ಎದುರು ಪಾರ್ಟಿಯಿಂದ ಒಬ್ಬ ಎದ್ದ. ಹೆಮ್ಮಿಗೆಯ ನನ್ನ ಬಾಮೈದ, ಅವಳ ತಮ್ಮ. ಪುಸ್ತಕ ಈಸಿಕೊಂಡು ಒಂದು ಪುಟ ತೆಗೆದ.

“ಅವತ್ತು ಬೆಳಿಗ್ಗೆ ನಮ್ಮಕ್ಕನ ಎಣ ಮನೆ ಮುಂದಿತ್ತು. ಈ ಲೆಕ್ಕ ಯಾರು ಬರುದ್ರು ಬಾವ?”

ಹೋಗಿಲ್ಲ ಅಂದರೆ ಪುಸ್ತಕ ಸುಳ್ಳು. ಹೋಗಿದ್ದೆ ಅಂದರೆ ನಾನು ಎಂಥ ಗಂಡ?

ಬಿಸಿ ಪಾರ್ಟಿಯವರು ಎಡಗಿವಿಯಲ್ಲಿ, “ಹೋಗಿದ್ದೆ ಅನ್ನಿ ಸ್ವಾಮಿ, ನಮ್ಮ ಮಾನ ಉಳೀತದೆ” ಅಂದರು. ಎದುರು ಪಾರ್ಟಿಯವರು ಬಲಗಿವಿಯಲ್ಲಿ, “ಇಲ್ಲ ಅನ್ರೀ, ನಿಮ್ಮ ಮಾನ ಉಳೀತದೆ” ಅಂದರು. ನನ್ನ ಮಾತು ಕೇಳಲು ಎರಡೂ ಪಾರ್ಟಿ ಬಾಯಿ ಮುಚ್ಚಿದ್ದು ಅವತ್ತೇ ಮೊದಲು.

“ಊವ ತತ್ತೀನಿ ಅಂತ ಓದ್ರಲ್ಲ ಬಾವ?” ಅಂದ ಬಾಮೈದ, ಮೆತ್ತಗೆ.

ಹೂವನ್ನೂ ತಂದೆ ಕಣಪ್ಪ ಅಂದೆ. ಆಮೇಲೆ ಇದ್ದದ್ದು ಇದ್ದಹಾಗೆ ಹೇಳಿದೆ.

ಅವತ್ತು ಎಂಟೂವರೆಗೆ ಆಫೀಸಿನ ಅಂಗಳಕ್ಕೆ ಹೋದೆ. ಡಬ್ಬಿ ತೆಗೆದು ನೀರನ್ನು ಗಾಜಿನ ಅಳತೆಗೆ ಬಗ್ಗಿಸಿದೆ. ಕಣ್ಣು ತುಂಬಿ ಗೀಟು ಕಾಣಲಿಲ್ಲ. ಗೇಟಿನ ಹತ್ತಿರ ಕೂರುವ ಹೂವಿನವಳನ್ನು ಕರೆದು ಓದಿಸಿದೆ. ಅವಳು ಹೇಳಿದ್ದನ್ನು ಬರೆದೆ. ಎರಡು ಮಾರು ಹೂವು ಕಟ್ಟಿಸಿಕೊಂಡು ಮನೆಗೆ ಬಂದೆ.