ಕಂಪ್ಯೂಟರಿನ್ಯಾಗ ಕಾಕಾನ ದನಿ

ಕಂಪ್ಯೂಟರ್ ಮುಂದ ಕುಂತು ಹೊಟ್ಟಿ ಹೊರಕೊಳ್ಳೂ ನಮ್ಮಂಥವರಿಗೆ ನಗೂವಂಥ ಪ್ರಸಂಗಕ್ಕೇನೂ ಬರ ಇಲ್ರಿ. ಒಂದು ಮುಗೀತು ಅನ್ನೂದ್ರಾಗ ಇನ್ನೊಂದು ಬಾಗಲಕ್ಕ ಬಂದು ನಿಂತಿರತೈತಿ. ಮನ್ಯಾಗ ಎಲ್ಲಾರೂ ಅಳಾಕತ್ತಾರ, ಸ್ವಲ್ಪ ತಡದು ಬರೂಣು ಅನ್ನೂ ಖಬರೂ ಅವಕ್ಕ ಇರೂದಿಲ್ಲ. ನಾ ಈಗ ಹೇಳೂವೆಲ್ಲಾ ಹಂಗ ಹೊತ್ತಲ್ಲದ ಹೊತ್ತಿನ್ಯಾಗ ಬಂದಂಥವು.

ಆಗ ನಾ ಗೋಕಾಕದ ಬಸ್ ಸ್ಟ್ಯಾಂಡ್ ಹತ್ರ, ಒಂದು ಕಿರಾಣಿ ಅಂಗಡಿ ಮ್ಯಾಲಿನ ಖೋಲ್ಯಾಗ ಸಾಫ್ಟ್‌ವೇರ್ ಬರೀತಿದ್ದೆ. ಸಾಫ್ಟ್‌ವೇರ್ ಅಂದ್ರ ಭಾಳ ದೊಡ್ಡದು ತಿಳ್ಕೋಬ್ಯಾಡ್ರಿ. ಸಾಲಿಯವರಿಗೆ ಮಾರ್ಕ್ಸ್ ಕಾರ್ಡ್ ತಯಾರ ಮಾಡೂದು, ದವಾಖಾನಿಗೆ ಪೇಶಂಟ್ ಚೀಟಿ ಮಾಡೂದು, ಇಷ್ಟ. ಊರ ಮಂದಿ ನನ್ನ ಕೆಲಸಕ್ಕ 'ಟೈಪಿಂಗ್' ಅಂತಿದ್ರು.

ನಮ್ಮ ಕಾಕಾ, ಅಂದ್ರ ನಮ್ಮಪ್ಪನ ತಮ್ಮ, ಅವನ ಹೇಣ್ತಿ ಕಾಕುನ ಜೋಡಿ ಮೂಡಲಗ್ಯಾಗ ಇದ್ದ. ಅವಂದು ಸಿನಿಮಾ ಕೂಗೂ ಕೆಲಸ. ರಿಕ್ಷಾದ ಮ್ಯಾಲ ಭೊಂಗಾ, ಅಂದ್ರ ಲೌಡ್‌ಸ್ಪೀಕರ್, ಕಟ್ಟಿ, ಕೈಯಾಗ ಮೈಕ್ ಹಿಡದು, ಗೋಕಾಕ, ಮೂಡಲಗಿ, ಹುಕ್ಕೇರಿ, ಮೂರೂ ಊರಿನ ಟಾಕೀಸಿನವರಿಗೆ ಕೂಗತಿದ್ದ. ಆ ದನಿ ಕೇಳಿ ಹೆಣಮಕ್ಕಳು ರೊಟ್ಟಿ ಬಡಿಯೂದು ಬಿಟ್ಟು ಬಾಗಲಕ್ಕ ಬರತಿದ್ರು. ಕೇಬಲ್ ಟಿವಿ ಬಂದು ಟಾಕೀಸಿನ ಕುರ್ಚಿ ಖಾಲಿ ಆದ್ರೂ ಕಾಕಾನ ದನಿಗೆ ಮಂದಿ ಕಡಿಮಿ ಆಗಿರಲಿಲ್ಲ.

ಆ ದನಿ ಒಂದಿನ ಒಡೀತು. ಒದರಿ ಒದರಿ ಹಿಂಗಾಗೇತಿ ಅಂತ ಅರಿಷಿಣ ಹಾಲು ಕುಡದು ತಿಂಗಳಗಟ್ಟಲೆ ತಳ್ಳಿದ. ಕಡೀಕ ಬೆಳಗಾಂವಿ ಡಾಕ್ಟರು ಗಂಟಲದಾಗ ಬಗ್ಗಿ ನೋಡಿ, "ಗಂಟು ಕೆಟ್ಟದೈತಿ. ದನಿ ಪೆಟ್ಟಿಗಿ ತಗೀಬೇಕಾಗತೈತಿ. ಜೀವ ಉಳೀತೈತಿ, ಮಾತು ಉಳಿಯೂದಿಲ್ಲ" ಅಂದ್ರು. ಆಪರೇಶನ್ನಿಗೆ ಇಪ್ಪತ್ತು ದಿನ ಇತ್ತು. ಬಸ್ಸಿನ್ಯಾಗ ಹೊಳ್ಳಿ ಬರೂ ಮುಂದ ನನಗ ಒಂದು ವಿಚಾರ ಹೊಳೀತು. ಕಾಕಾನ ಮಾತೆಲ್ಲಾ ಕಂಪ್ಯೂಟರಿನ್ಯಾಗ ತುಂಬಿಡಬೇಕು. ಬಟನ್ ಒತ್ತಿದ್ರ ಅವನ ದನಿನ ಬರಬೇಕು. ಇಪ್ಪತ್ತು ದಿನದಾಗ ಹಿಡೀಲಿಲ್ಲಂದ್ರ ಆ ದನಿ ಈ ಭೂಮಿ ಮ್ಯಾಲ ಮತ್ತೆಲ್ಲೂ ಸಿಗೂದಿಲ್ಲ.

೧. ಮೊದಲನೇ ಫೈಲು

ಕಾಕಾ ಖೋಲಿಗೆ ಬಂದು ಕುಂತ. ನಾ ಕಂಪ್ಯೂಟರಿನ ಮೈಕ್ ಕೈಯಾಗ ಕೊಟ್ಟೆ. ಹೊಳ್ಳಿಸಿ ನೋಡಿದ.

"ಇದಕ್ಕ ಮೈಕ್ ಅಂತಿಯೇನಪಾ? ಕಡ್ಲಿಕಾಳಿನಷ್ಟೈತಿ. ನನ್ನ ಒಂದು ಒದರಿಗೆ ಹಾರಿ ಹೋಗತೈತಿ."

"ಒದರೂದಿಲ್ಲ ಕಾಕಾ. ಮನ್ಯಾಗ ಮಾತಾಡಿದಂಗ ಮಾತಾಡು. 'ನೀರು ಕೊಡು' ಅನ್ನು, ಸಾಕು."

ಕಾಕಾ ಬೆನ್ನು ನೆಟ್ಟಗ ಮಾಡಿದ, ಒಂದು ಕೈ ಕಿವಿಗೆ ಹಚ್ಚಿದ. ಒಡದ ದನಿ ಎಲ್ಲೆಲ್ಲಿಂದೋ ಕೂಡಿಸಿಕೊಂಡು ಸುರು ಮಾಡಿದ. "ಪ್ರಿಯ ಬಾಂಧವರೇ! ಕೊಡಿರಿ! ನೀರನ್ನು ಕೊಡಿರಿ! ಇಂದಿನಿಂದ, ದಿನಾಲೂ ಮೂರು ಆಟಗಳು!"

ನಾಕು ಸಲ ಮಾಡಿಸಿದೆ, ನಾಕೂ ಸಲ ಬಾಂಧವರು ಬಂದ್ರು. ಮೈಕ್ ಮುಂದ ಬಂದ್ರ ಅವನ ನಾಲಗಿ ತಾನ ಪುಸ್ತಕದ ಕನ್ನಡಕ್ಕ ಹೊಳ್ಳತಿತ್ತು. ನನಗ ಸಾಕಾತು.

"ಕಾಕಾ, ಮನ್ಯಾಗ ಕಾಕುನ್ನ ಹ್ಯಾಂಗ ನೀರು ಕೇಳತಿ? ಹಂಗ ಕೇಳು."

"ಮನ್ಯಾಗ ನಾ ಎಲ್ಲೆ ಕೇಳತೇನಿ? ಕೆಮ್ಮತೇನಿ, ಆಕಿ ತರತಾಳ" ಅಂದ, ಹ್ಯಾಂಗಂತ ಕೆಮ್ಮಿ ತೋರಿಸಿದ. ಆ ಕೆಮ್ಮು ನಿಲ್ಲಲಿಲ್ರಿ. ಮುಖ ಕೆಂಪಾತು, ಕಣ್ಣಾಗ ನೀರು ಬಂತು, ಬಾಯಿಗೆ ಹಿಡದ ವಸ್ತರದ ಮ್ಯಾಲ ಸಣ್ಣ ಕೆಂಪು ಕಲಿ. ಕೆಳಗ ಕಿರಾಣಿ ಅಂಗಡಿಗೆ ಓಡಿ ಒಂದು ತಂಬಗಿ ನೀರು ತಂದು ಕುಡಿಸಿದೆ.

ಸಮಾಧಾನ ಆದ ಮ್ಯಾಲ ನೋಡಿದ್ರ ರೆಕಾರ್ಡಿಂಗ್ ಬಂದ್ ಮಾಡೂದ ಮರತಿದ್ದೆ. ಕಾಕಾ ಹಣಕಿ ನೋಡಿದ. "ಇರಲಿ, ಅಳಿಸಬ್ಯಾಡ. ಕೆಮ್ಮಿದೆ, ನೀರು ಬಂತು. ನಿನ್ನ ಪ್ರೋಗ್ರಾಂ ಚಲೋ ಕೆಲಸಾ ಮಾಡತೈತಿ."

೨. ಮೂವತ್ತು ಮಾತು ಸಾಲೂದಿಲ್ಲ

ಮನಶ್ಯಾಗ ದಿನಕ್ಕ ಎಷ್ಟು ಮಾತು ಬೇಕಾಗತಾವ? ನಾ ಲೆಕ್ಕಾ ಹಾಕಿ ಮೂವತ್ತು ಬರದಿಟ್ಟಿದ್ದೆ. ಊಟಾ, ಚಾ, ನೋವು, ಹೌದು, ಅಲ್ಲ, ಸಾಕು. ಕಾಕಾ ಯಾದಿ ಓದಿದ.

"ಬೈಗುಳ ಎಲ್ಲ್ಯದಾವು?"

"ಬೈಗುಳ ಯಾಕ ಕಾಕಾ?"

"ಲೇ ತಮ್ಮಾ, ಊಟಾ, ಚಾ, ಸಾಕು. ಇದು ದವಾಖಾನ್ಯಾಗ ಮಲಗಿದವನ ಮಾತು. ನಾ ಮನಿಗೆ ಹೊಳ್ಳಿ ಬರಾಂವ ಅದೇನಿ. ಬೈಲಾರದಾಂವ ಮನ್ಯಾಗ ಇದ್ದರೆಷ್ಟು, ಬಿಟ್ಟರೆಷ್ಟು?"

ಆ ಮಾತು ನನಗ ನಾಟಿತು. ಇಷ್ಟು ದಿನ ನಾ ಪೇಶಂಟಿಗೆ ಪ್ರೋಗ್ರಾಂ ಬರದಿದ್ದೆ, ನಮ್ಮ ಕಾಕಾಗ ಬರದಿರಲಿಲ್ಲ. ಅವತ್ತು ಮುಂಜಾನಿಂದ ಊಟದ ಹೊತ್ತಿನ ತನಕ ಬೈಗುಳ ತುಂಬಿಸಿದ್ವಿ. ಬೈಗುಳಕ್ಕ ಮಾತ್ರ ಬಾಂಧವರು ಅಡ್ಡ ಬರಲಿಲ್ಲ, ಖಾಸಾ ಮೂಡಲಗಿ ಕನ್ನಡದಾಗ ಬಂದ್ವು.

ಬರೋಬ್ಬರಿ ಕೇಳಸತಾವೋ ಇಲ್ಲೋ ಅಂತ ಸ್ಪೀಕರ್ ಪೂರಾ ಏರಿಸಿ ಒಂದು ಬಟನ್ ಒತ್ತಿದೆ. ಅದ ಹೊತ್ತಿಗೆ ಒಬ್ಬರು ಹೆಡ್ ಮಾಸ್ತರು ಪಾವಟಣಗಿ ಹತ್ತಿ ಮ್ಯಾಲ ಬರಾಕತ್ತಿದ್ರು. ಅವರ ಸಾಲಿ ಮಾರ್ಕ್ಸ್ ಕಾರ್ಡಿನ ಪ್ರೋಗ್ರಾಂ ನಾ ತಿಂಗಳಿಂದ ತಡಾ ಮಾಡಿದ್ದೆ, ಝಾಡಿಸಾಕ ಬಂದಿದ್ರು. ಬಾಗಲಾ ತೆಗೀತಿದ್ದಂಗ ಒಳಗಿಂದ ಕಾಕಾನ ದನಿ ಗುಡುಗಿತು.

"ಏ ಮಂಗ್ಯಾನಂಥವನ, ಮತ್ಯಾಕ ಬಂದಿ? ಹೇಳಿದ್ದು ತಲ್ಯಾಗ ಹೋಗೂದಿಲ್ಲೇನು? ನಡಿ ಹೊರಗ!"

ನಾ ಏಳೂದ್ರಾಗ ಮಾಸ್ತರು ಅರ್ಧ ಪಾವಟಣಗಿ ಇಳದಿದ್ರು. ಮರುದಿನ ಅವರ ಚೀಟಿ ಬಂತು, 'ತಮಗೆ ಅನುಕೂಲವಾದಾಗ ಕೊಟ್ಟರೆ ಸಾಕು.'

೩. ಹುಕ್ಕೇರಿ ಸಂತ್ಯಾಗ

ಕಾಕಾನ ಕೆಲಸದಾಗ ಒಂದು ಪದ್ಧತಿ ಇತ್ತು. ಟಾಕೀಸಿನ ಮಾಲಕರು ಬರದು ಕೊಟ್ಟದ್ದನ್ನ ಮೈಕಿನ್ಯಾಗ ಕೂಗಾಂವ. ಮಂದಿ ರಿಕ್ಷಾದ ಬಾಜೂಕ ಬಂದು, "ಖರೆ ಹೇಳ್ರಿ, ಪಿಕ್ಚರ್ ಹ್ಯಾಂಗೈತಿ?" ಅಂತ ಕೇಳಿದ್ರ ಮೈಕಿನ ಮ್ಯಾಲ ಅಂಗೈ ಮುಚ್ಚಿ, "ಹೋಗಬ್ಯಾಡ್ರಿ, ಅರ್ಧದಾಗ ನಿದ್ದಿ ಬರತೈತಿ" ಅನ್ನಾಂವ. ಚಲೋ ಇದ್ರ ಚಲೋ ಐತಿ ಅಂತನೂ ಹೇಳಾಂವ. ಸುಳ್ಳು ಭೊಂಗಾಕ್ಕ, ಖರೆ ಮಂದಿಗೆ. ಮೂರೂ ಊರಿನವರು ಆ ಅಂಗೈ ನಂಬಿ ಟಿಕೀಟ್ ತಗೋತಿದ್ರು.

ಆಪರೇಶನ್ ಹತ್ರ ಬಂದಾಗ ಡಾಕ್ಟರು ಒದರೂದು ಪೂರಾ ಬಂದ್ ಅಂದ್ರು. ಆದ್ರ ಕಡೀ ಸಲ ಹುಕ್ಕೇರಿ ಸಂತಿಗೆ ಹೋಗಾಂವ ಅಂತ ಕಾಕಾ ಹಟಾ ಹಿಡದ. ನಾ ಅವನ ಜಾಹೀರಾತು ಮೆಲ್ಲಕ ಹೇಳಿಸಿ, ಕಂಪ್ಯೂಟರಿನ್ಯಾಗ ದನಿ ಏರಿಸಿ, ಕ್ಯಾಸೆಟ್ಟಿಗೆ ಹಾಕಿದೆ. ರಿಕ್ಷಾದಾಗ ಕ್ಯಾಸೆಟ್ ಕೂಗತಿತ್ತು, ಕಾಕಾ ಬಾಯಿ ಮುಚ್ಚಿಕೊಂಡು ಕುಂತಿದ್ದ. ನಾನೂ ಬಾಜೂಕ ಇದ್ದೆ.

ಕಾಯಿಪಲ್ಲೆ ಮಾರೂ ಹೆಣಮಗಳು ಒಬ್ಬಾಕಿ ಓಡಿ ಬಂದು, "ಅಣ್ಣಾ, ಹ್ಯಾಂಗೈತ್ರಿ ಪಿಕ್ಚರ್?" ಅಂದ್ಲು. ಕಾಕಾ ರೂಢಿ ಪ್ರಕಾರ ಮೈಕ್ ಮುಚ್ಚಾಕ ಅಂಗೈ ಎತ್ತಿದ. ಮೈಕೆಲ್ಲೈತಿ? ಎದ್ದು ನಿಂತು, ರಿಕ್ಷಾದ ಮ್ಯಾಲೆ ಕೈ ಚಾಚಿ, ಎರಡೂ ಅಂಗೈಯಿಂದ ಭೊಂಗಾದ ಬಾಯಿನ ಮುಚ್ಚಿದ. ಒಳಗ ಅವನ ದನಿ "ಮನೆಮಂದಿಯೆಲ್ಲಾ ಕೂಡಿ ನೋಡಿರಿ" ಅಂತ ಬಡಕೋತಿತ್ತು, ಹೊರಗ ಅವನ ತಲಿ ಬ್ಯಾಡ ಬ್ಯಾಡ ಅಂತ ಅಳ್ಳಾಡತಿತ್ತು.

"ಅಯ್ಯ, ಇದೇನ ಅಣ್ಣಾ! ನಿಮ್ಮೊಳಗ ಇಬ್ಬರಾಗೀರಿ, ನಾ ಯಾರನ್ನ ನಂಬಲಿ?" ಅಂದ್ಲು. ಸುತ್ತ ನಿಂತವರೆಲ್ಲಾ ನಕ್ರು, ಕಾಕಾನೂ ನಕ್ಕ.

ಸಂತಿ ದಾಟಿ ಹತ್ತರಗಿ ಕಡೆ ಹೊಂಟಾಗ ನನ್ನ ಮೊಣಕೈ ಹಿಡದು ಮೆಲ್ಲಕ ಅಂದ, "ಬಂದ್ ಮಾಡಪಾ ಅದನ್ನ. ನಾ ಸತ್ತ ಮ್ಯಾಲ ಕೇಳಿದಂಗ ಆಗಾಕತ್ತೈತಿ." ನಾ ಕ್ಯಾಸೆಟ್ ಬಂದ್ ಮಾಡಿದೆ. ನನಗ ಅಳು ತಡಕೊಳ್ಳಾಕ ಆಗಲಿಲ್ಲ, ಅವನೂ ನನ್ನ ಕಡೆ ನೋಡಲಿಲ್ಲ.

ಆ ಪಿಕ್ಚರ್ ಮೂರ ದಿನಕ್ಕ ಎತ್ತಿದ್ರು. ಮಾಲಕರು ನನಗ ಫೋನ್ ಹಚ್ಚಿ, "ನಿಮ್ಮ ಕಾಕಾ ಬಾಯಿ ಮುಚ್ಚಿಕೊಂಡು ಕುಂತ್ರೂ ಪಿಕ್ಚರ್ ಮುಳಗಸ್ತಾನಲ್ರಿ!" ಅಂದ್ರು.

೪. ಮೇನ್ ಸ್ವಿಚ್

ಆಪರೇಶನ್ ಆತು. ಡಾಕ್ಟರು ಹೇಳಿದಂಗ ಜೀವ ಉಳೀತು. ಕುತಗ್ಯಾಗ ಉಸರಾಡಾಕ ಒಂದು ತೂತು, ಅದರ ಮ್ಯಾಲ ಬಿಳಿ ಅರವಿ. ಬಾಯಿ ಅಳ್ಳಾಡತಿತ್ತು, ದನಿ ಇಲ್ಲ. ಮನಿಗೆ ಬಂದ ದಿನ ಬೆಕ್ಕು ಹಾಲಿಗೆ ಬಾಯಿ ಹಾಕಿತು. ಕಾಕಾ "ಹಚಾ!" ಅನ್ನಾಕ ಬಾಯಿ ತೆಗದ, ಏನೂ ಬರಲಿಲ್ಲ. ಬೆಕ್ಕು ಒಮ್ಮೆ ನೋಡಿ ಮತ್ತ ಹಾಲು ಕುಡೀತು. ಅವನ ಮುಖಾ ನೋಡಾಕ ನನ್ನಿಂದ ಆಗಲಿಲ್ರಿ.

ಮರುದಿನಾನ ನಾ ಕಂಪ್ಯೂಟರ್ ಕೌದ್ಯಾಗ ಸುತ್ತಿ ಗೋಕಾಕದಿಂದ ಬಸ್ಸಿಗೆ ತಂದು ಅವರ ಪಡಸಾಲ್ಯಾಗ ಜೋಡಿಸಿದೆ. ಕಾಕಾ ಬೆರಳಲೆ ಹುಡಕಿ ಒಂದು ಬಟನ್ ಒತ್ತಿದ. "ಅಡಗಿ ಆತೇನ?" ಅಂತ ಅವನ ದನಿ ಮನಿ ತುಂಬ ಬಂತು. ಅಡಗಿ ಮನ್ಯಾಗಿನ ಕಾಕು ಹಿಟ್ಟಿನ ಕೈಯಿಂದ ಓಡಿ ಬಂದ್ಲು. ನಿಂತು ಗಳಗಳ ಅತ್ತಳು. ಆಮ್ಯಾಲ ಕಣ್ಣು ಒರಸಿಕೊಂಡು, ಊಟಾ ಮಾಡಿ ಕೈ ತೊಳಕೊಂಡ ಗಂಡಗ ಮತ್ತೊಮ್ಮೆ ತಾಟು ಹಚ್ಚಿದ್ಲು. ಕಾಕಾನೂ ಮರು ಮಾತಿಲ್ಲದ ಉಂಡ.

ಹದಿನೈದು ದಿನ ಬಿಟ್ಟು ಹೋದೆ. "ಹ್ಯಾಂಗ ನಡದೈತಿ ಕಾಕು?" ಅಂದೆ.

"ಚಲೋ ನಡದೈತೆಪಾ. ನಿಮ್ಮ ಕಾಕಾ ಬೈಯಾಕ ಬಟನ್ ಹುಡುಕೂದ್ರಾಗ ನಾ ಮೇನ್ ಸ್ವಿಚ್ ಬಂದ್ ಮಾಡತೇನಿ. ಮೂವತ್ತು ವರ್ಷದ ಸಂಸಾರದಾಗ ಈಗ ಗೆಲ್ಲಾಕತ್ತೇನಿ."

೫. ಟಿವಿಗೆ ನಮಸ್ಕಾರ

ಗೆದ್ದದ್ದು ಭಾಳ ದಿನ ಉಳೀಲಿಲ್ಲ. ಕಾಕಾನ್ನ ಮಾತಾಡಿಸಾಕ ಬಂದವರೆಲ್ಲಾ ಕಾಕಾನ್ನ ಬಿಟ್ಟು ಕಂಪ್ಯೂಟರ್ ಮುಂದ ಕುಂದ್ರಾಕತ್ರು. "ಹ್ಯಾಂಗದೀರಿ? ಅರಾಮ ಅದೀರೇನು?" ಅಂತ ಅದಕ್ಕ ಕೇಳಾವ್ರು, ಕಾಕಾ ಅದರ ಬಾಜೂಕ ರಿಪೇರಿಯವನಂಗ ಕುಂತಿರಾಂವ. ಒಬ್ಬರು ಹಿರ್ಯಾರಂತೂ ಹೋಗೂ ಮುಂದ ಎರಡೂ ಕೈ ಜೋಡಿಸಿ ಕಂಪ್ಯೂಟರಿನ ಟಿವಿಯಂಥ ಪಡದಿಗೆ ನಮಸ್ಕಾರ ಮಾಡಿ, ಕಾಕಾನ ಕಡೆ ಹೊಳ್ಳಿ, "ಅವರನ್ನ ಚಂದಂಗ ನೋಡಕೋರಿ" ಅಂತ ಹೇಳಿ ಹ್ವಾದ್ರು.

ಅವತ್ತ ಕಾಕಾ ಎದ್ದು ವಾಯರ್ ಕಿತ್ತಿದ, ಕಂಪ್ಯೂಟರಿನ ಮ್ಯಾಲ ಹಳೇ ಲುಂಗಿ ಹೊಚ್ಚಿದ. ಪಾಟಿ ಮ್ಯಾಲ ನನಗ ಬರದು ತೋರಿಸಿದ, 'ಸಿಟ್ಟಾಗಬ್ಯಾಡ. ಇದರಾಗ ನನ್ನ ದನಿ ಐತಿ, ನಾ ಇಲ್ಲ.'

ಸಿಟ್ಟಲ್ರಿ, ಭಾಳ ಕೆಟ್ಟನಿಸಿತು. ಇಪ್ಪತ್ತು ದಿನ ದನಿ ಹಿಡದೆ, ಎಷ್ಟು ಶ್ಯಾಣ್ಯಾ ಅದೇನಿ ಅಂತ ತಿರಗ್ಯಾಡಿದೆ. ನಾಳಿ ಕಾಕಾ ಏನು ಹೇಳಬೇಕಂತಾನ ಅನ್ನೂದು ನನ್ನ ಯಾದ್ಯಾಗ ಹ್ಯಾಂಗ ಇರಬೇಕು? ಕಂಪ್ಯೂಟರ್ ಕೌದ್ಯಾಗ ಸುತ್ತಿಕೊಂಡು ಹೊಳ್ಳಿ ಬಂದೆ. ಕೌದಿ ಬಿಚ್ಚೂ ಮನಸ್ಸ ಆಗಲಿಲ್ಲ, ಎಂಟು ದಿನ ಹಂಗ ಮೂಲ್ಯಾಗ ಇಟ್ಟಿದ್ದೆ.

೬. ಕಾಕು ಹೇಳಿದ್ದು

ಮೂರು ತಿಂಗಳು ಬಿಟ್ಟು ಹೋದಾಗ ಮನಿ ತುಂಬ ಮಾತು. ಕಾಕಾ ದನಿ ಇಲ್ಲದ ತುಟಿ ಅಳ್ಳಾಡಿಸತಿದ್ದ, ಕಾಕು ಅದನ್ನ ನೋಡಿ ಜೋರಾಗಿ ಹೇಳತಿದ್ಲು. ಮೂವತ್ತು ವರ್ಷ ಆ ಬಾಯಿ ನೋಡಿದಾಕಿ, ಒಂದು ಮಾತೂ ತಪ್ಪತಿರಲಿಲ್ಲ. ತಪ್ಪಿದ್ರ ಬೇಕಂತ ತಪ್ಪತಿದ್ಲು.

ಕೌಜಲಗಿಯಿಂದ ಬೀಗರು ಬಂದು ಊಟಕ್ಕ ಕುಂತಿದ್ರು. "ಬದನಿಕಾಯಿ ಪಲ್ಲೆ ಹ್ಯಾಂಗಾಗೇತ್ರಿ?" ಅಂತ ಬೀಗರು ಕಾಕಾಗ ಕೇಳಿದ್ರು. ಕಾಕಾ ಮುಖಾ ಹುಳ್ಳಗ ಮಾಡಿ ಏನೋ ಅಂದ.

"ಇಂಥಾ ಪಲ್ಲೆ ನಮ್ಮವ್ವಗೂ ಮಾಡಾಕ ಬರತಿರಲಿಲ್ಲ ಅನ್ನಾಕತ್ತಾರ" ಅಂದ್ಲು ಕಾಕು.

ಕಾಕಾ ಎರಡೂ ಕೈ ಬೀಸಿದ, ತಲಿ ಅಳ್ಳಾಡಿಸಿದ. "ಇನ್ನೊಂದೀಟು ಹಾಕು ಅನ್ನಾಕತ್ತಾರ" ಅಂತ ಕಾಕು ಎರಡು ಸೌಟು ಹಾಕಿದ್ಲು. ಬೀಗರು ನಕ್ಕು ನಕ್ಕು ನೆತ್ತಿಗೆ ಹತ್ತಿಸಿಕೊಂಡ್ರು.

ಕಾಕಾ ಆಗ ತಾಟು ಬಾಜೂಕ ಸರಿಸಿದ. ಸೀದಾ ಕಾಕುನ ಮುಖಾ ನೋಡಿದ, ತುಟಿ ಮೆಲ್ಲಕ ಅಳ್ಳಾಡಿಸಿದ. ಕಾಕು ರೂಢಿ ಪ್ರಕಾರ ಜೋರಾಗಿ ಹೇಳಾಕ ಬಾಯಿ ತೆಗದ್ಲು. ತೆಗದ ಬಾಯಿ ತೆಗದಂಗ ಉಳೀತು. ಮುಖಾ ಕೆಂಪಾತು, ಕಣ್ಣು ತುಂಬಿದ್ವು. ಸೌಟು ಅಲ್ಲೇ ಬಿಟ್ಟು, ಸೆರಗು ಬಾಯಿಗೆ ಹಿಡಕೊಂಡು ಒಳಗ ಓಡಿದ್ಲು.

"ಏನಂದ್ರಿ, ಏನಂದ್ರಿ?" ಅಂತ ಬೀಗರು ಗದ್ದಲಾ ಎಬ್ಬಿಸಿದ್ರು. ಕಾಕಾ ಭುಜ ಕುಣಿಸಿ ದನಿ ಇಲ್ಲದ ನಗಾಕತ್ತಿದ್ದ.

ನಾ ಅವನ ಎದುರಿಗೆ ಕುಂತಿದ್ದೆ, ನನಗ ಕಂಡಿತ್ತು. ಕಾಕಾ ಅಂದದ್ದು ಬರೇ ಕಾಕುನ ಹೆಸರು. ಲಗ್ನದಾಗ ಒಡಪಿನ ಪದದಾಗ ಕೂಡಿಸಿ ಒಂದು ಸಲ ಹೇಳಿದ್ದು, ಆಮ್ಯಾಲ ಮೂವತ್ತು ವರ್ಷ 'ಏ', 'ಇಲ್ಲಿ ಬಾ', 'ಇಕೀನ' ಅಂತನ ಸಂಸಾರ ಸಾಗಿತ್ತು. ನಾ ಬರದ ಯಾದ್ಯಾಗೂ ಆ ಹೆಸರು ಇರಲಿಲ್ಲ, ಅವನೂ ಬೇಕು ಅಂದಿರಲಿಲ್ಲ. ದನಿ ಹೋದ ಮ್ಯಾಲ ಮಂದಿ ಮುಂದ ಹೆಸರು ಹಿಡದು ಕರದ. ಯಾವ ಹೆಸರು ಅಂತ ಕೇಳಬ್ಯಾಡ್ರಿ, ಕಾಕುನ ಹೆಸರು ಹಿಡಿಯೂ ಧೈರ್ಯ ನನಗಿಲ್ಲ.

ಬೀಗರು ಬಿಡಬೇಕಲ್ಲ. ಅಡಗಿ ಮನಿ ಕಡೆ ಹೊಳ್ಳಿ, "ಏನಂದ್ರು ಹೇಳ್ರೆವಾ!" ಅಂತ ಕೂಗಿದ್ರು.

ಒಳಗಿಂದ ಕಾಕು ಮೂಗು ಏರಿಸಿಕೋತ ಅಂದ್ಲು, "ಏನಿಲ್ರಿ, ಚಾ ಮಾಡು ಅಂದ್ರು."

ಸಂಜಿ ತನಕ ಕುಂತಿದ್ವಿ. ಯಾರಿಗೂ ಚಾ ಬರಲಿಲ್ಲ.