ಶರಣಮ್ಮನ ಒಂದು ‘ಬ್ಯಾಡ್ರಿ’

ನಮ್ಮ ಮಾನ್ವಿ ಕಡೆ ಉಣ್ಣಲು ಕೂತವರು ‘ಬ್ಯಾಡ್ರಿ’ ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಮೊದಲನೆಯದು ಮರ್ಯಾದೆಗೆ ಅಂದದ್ದು, ಎರಡನೆಯದು ನಾಚಿಕೆಗೆ. ಮೂರನೆಯ ಸಲ ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಮಾತ್ರ ಬಡಿಸುವವರು ಒಂದು ರೊಟ್ಟಿಯನ್ನು ಅರ್ಧ ಮಾಡುತ್ತಾರೆ. ನಾನು ದಪ್ಪಗಾದದ್ದಕ್ಕೆ ಈ ಪದ್ಧತಿಯೇ ಕಾರಣ ಎಂದು ನಮ್ಮ ಯಜಮಾನರಿಗೆ ಹೇಳುತ್ತಲೇ ಬಂದಿದ್ದೇನೆ. ಅವರು ಇನ್ನೂ ನಂಬಿಲ್ಲ.

ನಾನು ಊರೂರು ತಿರುಗುವ ಟೀಚರ್. ಮಾತು ಬಾರದ, ಕಲಿಕೆ ನಿಧಾನವಾದ ಮಕ್ಕಳಿಗೆ ಶಾಲೆಯಲ್ಲೂ ಮನೆಯಲ್ಲೂ ಪಾಠ ಹೇಳುವುದು ನನ್ನ ಕೆಲಸ. ಕಲ್ಲೂರಿನ ಶರಣಮ್ಮನಿಗೆ ಒಂಬತ್ತು ವರ್ಷ. ಅವಳಿಗೆ ಎಲ್ಲ ತಿಳಿಯುತ್ತದೆ, ಮಾತು ಮಾತ್ರ ಹೊರಡುವುದಿಲ್ಲ, ಕೈಯೂ ಹೇಳಿದಂತೆ ಕೇಳುವುದಿಲ್ಲ. ಅವಳಿಗೊಂದು ಟ್ಯಾಬ್ ಬಂತು. ಚಿತ್ರ ಒತ್ತಿದರೆ ಅದು ಅವಳ ಪರವಾಗಿ ಮಾತಾಡುತ್ತದೆ. ಅದಕ್ಕೆ ದನಿ ತುಂಬುವ ಕೆಲಸ ನನ್ನ ಪಾಲಿಗೆ ಬಿತ್ತು. ರೇಡಿಯೋದವರು ನನ್ನನ್ನು ಕರೆಯದೆ ದೊಡ್ಡ ತಪ್ಪು ಮಾಡಿದರು ಎಂದು ಮೊದಲಿನಿಂದಲೂ ನಂಬಿರುವ ನಾನು, ಸದ್ದು ಬೀಳಬಾರದೆಂದು ಆ ಬಿಸಿಲಲ್ಲೂ ಫ್ಯಾನ್ ಆರಿಸಿ ಕೂತೆ. ಬೆವರು ಒರೆಸಿಕೊಳ್ಳುತ್ತ ‘ನೀರು ಬೇಕು’, ‘ಹೊರಗ ಹೋಗೂಣು’ ಎಂದೆಲ್ಲ ಹೇಳಿದೆ. ‘ಬ್ಯಾಡ್ರಿ’ ಎಂಬುದನ್ನಂತೂ ಬೀಗರ ಮನೆಯಲ್ಲಿ ಕೂತಷ್ಟು ನಯವಾಗಿ ಹೇಳಿದೆ.

ವಾರದ ಮೇಲೆ ಹೋದಾಗ ಅವಳ ಅಜ್ಜಿ ಈರಮ್ಮ ದೂರು ಹೇಳಿದರು. “ಟ್ಯಾಬ್ ಚಲೋ ಮಾತಾಡ್ತದರೀ. ಆದ್ರ ಈಕಿ ಉಣ್ಣಾಗ ಅಳಾಕತ್ತ್ಯಾಳ.”

ಊಟದ ಹೊತ್ತೇ ಆಗಿತ್ತು, ನೋಡುತ್ತ ಕೂತೆ. ಅಜ್ಜಿ ಹಾಲಿನಲ್ಲಿ ರೊಟ್ಟಿ ನೆನೆಸಿ ತಿನ್ನಿಸುತ್ತಿದ್ದರು. ನಾಲ್ಕೈದು ತುತ್ತಾದ ಮೇಲೆ ಶರಣಮ್ಮನ ನಡುಗುವ ಬೆರಳು ಎರಡು ಸಲ ಗುರಿ ತಪ್ಪಿ, ಮೂರನೆಯ ಸಲ ಚಿತ್ರಕ್ಕೆ ಮುಟ್ಟಿತು. ‘ಬ್ಯಾಡ್ರಿ’ ಎಂದಿತು ನನ್ನ ದನಿ.

“ಎಷ್ಟು ಮರ್ಯಾದಿಲೆ ಅಂತಾಳ ನೋಡ್ರಿ ನಮ್ಮ ಕೂಸು” ಎಂದು ಅಜ್ಜಿ ಇನ್ನೊಂದು ತುತ್ತು ಇಟ್ಟೇಬಿಟ್ಟರು.

ನನಗೂ ನಗು ಬಂತು. ಹುಡುಗಿಯ ಕಣ್ಣು ತುಂಬಿದ್ದು ನೋಡಿ ನಗು ನಿಂತಿತು. ಒಂಬತ್ತು ವರ್ಷಕ್ಕೆ ಮೊದಲ ಬಾರಿ ಅವಳಿಗೆ ಬೇಡ ಎನ್ನಲು ಬಂದಿತ್ತು, ಅದನ್ನೂ ನಾವು ಯಾರೂ ನಂಬಲಿಲ್ಲ. ಬಹಳ ಕೆಡುಕೆನಿಸಿತು.

“ಯವ್ವಾ, ನಾವು ಮೂರು ಸಲ ಅಂತೀವಿ. ಆಕಿಗೆ ಒಮ್ಮೆ ಅನ್ನೂದ್ರಾಗ ಸಾಕಾಗ್ತದ. ಆಕಿ ಒಮ್ಮೆ ಅಂದ್ರ ಖರೇ ಅಂತ ತಿಳೀರಿ” ಎಂದೆ.

ಈರಮ್ಮ ಮೊಮ್ಮಗಳ ಕಡೆ ತಿರುಗಿದರು. “ಹೊಟ್ಟಿ ತುಂಬಿತ್ತೇನು ಯವ್ವಾ? ನೀ ಅತ್ತರ ನಾ ಹಟ ಅಂತ ತಿಳಿದು ದಿನಾ ತುರುಕೀನಲ್ಲ” ಎಂದು ಬಟ್ಟಲು ದೂರ ಸರಿಸಿದರು. ಶರಣಮ್ಮ ಮುಖ ತುಂಬ ನಕ್ಕಳು.

ಹುಮ್ಮಸ್ಸು ಬಂದು ಅಲ್ಲೇ ಪಾಠಕ್ಕೆ ಕೂತೆ. ಚೀಲದಿಂದ ಚಿತ್ರದ ಕಾರ್ಡು ತೆಗೆದು ಆಕಳು, ಎತ್ತು, ಕುರಿ ಎಂದು ಒಂದೊಂದೇ ತೋರಿಸಿದೆ. ಎಂಟನೆಯ ಕಾರ್ಡಿಗೆ ಶರಣಮ್ಮ ಬೆರಳು ಎತ್ತಿ, ಕಷ್ಟಪಟ್ಟು ಒತ್ತಿದಳು. ‘ಬ್ಯಾಡ್ರಿ.’

“ಇನ್ನೊಂದ ಒಂದು, ಬಂಗಾರಾ” ಎಂದು ನಾನು ಒಂಬತ್ತನೆಯದನ್ನು ಹಿಡಿದೆ.

ಈರಮ್ಮ ನನ್ನ ಕೈಯಿಂದ ಮೆಲ್ಲಗೆ ಕಾರ್ಡು ತೆಗೆದುಕೊಂಡರು.

“ಟೀಚರ್, ಆಕಿ ಒಮ್ಮೆ ಅಂದಾಳ್ರೀ.”