ಪಾಸ್ ಇಲ್ಲದ ಫೈಲು

ನಂಬಿಕೆ ದೊಡ್ಡದೆಂದು ಹಿರಿಯರು ಹೇಳಿದ್ದಾರೆ. ಅವರಲ್ಲಿ ಒಬ್ಬರೂ ಸಂಡೂರಿನ ಗಣಿಯ ಗೇಟಿನಲ್ಲಿ ಕೆಲಸ ಮಾಡಿದವರಲ್ಲ. ಪಾಸ್ ಇಲ್ಲದ ಲಾರಿಯನ್ನು ತಡೆಯುತ್ತ ನಾನು ಅಲ್ಲಿ ಮೂವತ್ತು ವರ್ಷ ಕೂತೆ. ನಿವೃತ್ತನಾಗಿ ಹೊಸಪೇಟೆಗೆ ಬಂದ ಮೇಲೆ ತಡೆಯಲು ಲಾರಿಗಳಿಲ್ಲ. ಹಾಗಾಗಿ ಹಾಲಿನವನಿರಲಿ, ಬೀಗರಿರಲಿ, ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡದೆ ಯಾರನ್ನೂ ಒಳಗೆ ಬಿಟ್ಟವನಲ್ಲ.

ಇಂಥ ಬಂದೋಬಸ್ತಿನ ಮನೆಯಲ್ಲಿ, ಕಳೆದ ಸೋಮವಾರ ಬೆಳಿಗ್ಗೆ, ಮಗಳ ಮದುವೆಗೆ ಕರೆಯಬೇಕಾದವರ ಪಟ್ಟಿಯನ್ನು ತೆರೆಯಹೋದರೆ ಕಂಪ್ಯೂಟರು 'ಸಿಸ್ಟಂ ಫೈಲ್ ಕಾಣೆಯಾಗಿದೆ' ಎಂದಿತು. ಕೆಳಗೆ 'ಸರಿ' ಎಂಬ ಗುಂಡಿ. ಕಾಣೆಯಾದ ಮೇಲೆ ಸರಿ ಎಲ್ಲಿ ಬಂತು? ಒತ್ತಿದೆ, ಮತ್ತದೇ ಪಾಠ. ಪಟ್ಟಿಗೆ ಬೇರೆ ಪ್ರತಿ ಇರಲಿಲ್ಲ. ಕಾಗದ ಯಾರ ಕೈಗಾದರೂ ಸಿಕ್ಕೀತೆಂದು ನಾನೇ ಹರಿದುಹಾಕಿದ್ದೆ. ಲಗ್ನಪತ್ರಿಕೆಗಳು ಅಚ್ಚಾಗಿ ಬಂದು ಮೇಜಿನ ಮೇಲೆ ಕಾಯುತ್ತಿದ್ದವು. ನಮ್ಮ ಕಡೆ ಒಂದು ಹೆಸರು ಬಿಟ್ಟುಹೋದರೆ ಮೂರು ತಲೆಮಾರು ಮಾತು ನಿಲ್ಲುತ್ತದೆ.

ಕಾಣೆಯಾಗಿದೆ ಎಂದರೆ ಒಯ್ದವನೊಬ್ಬ ಇರಲೇಬೇಕು. ಹಿಂದಿನ ವಾರ ಕಂಪ್ಲಿಯಿಂದ ಬಂದ ಹೆಂಡತಿಯ ತಮ್ಮ ಪಂಪಣ್ಣ ಕಂಪ್ಯೂಟರಿನ ಮುಂದೆ ಕೂತು ಇಸ್ಪೀಟಾಡಿ, ಶುಕ್ರವಾರ ಊರಿಗೆ ಹೋಗಿದ್ದ. ಫೋನು ಹಚ್ಚಿ ವಿಚಾರಣೆ ನಡೆಸಿದೆ.

"ಮಾವ, ನಾ ಇಸ್ಪೀಟಿನ ಎಲಿ ಬಿಟ್ಟು ಬ್ಯಾರೆ ಏನೂ ಮುಟ್ಟಿಲ್ರಿ. ನಿಮ್ಮ ಫೈಲು ತಂದು ಗದ್ದ್ಯಾಗ ನಾಟಿ ಹಚ್ಚಲೇನ್ರಿ?"

"ನೋಡು, ಕಳ್ಳ ಹಿಂಗ ಮಾತಾಡ್ತಾನ" ಎಂದೆ ಹೆಂಡತಿಗೆ.

"ಆ ಕಳ್ಳ ನನ್ನ ತಮ್ಮ ಅದಾನ, ನೆನಪಿರ್ಲಿ" ಎಂದಳು.

ರಿಪೇರಿಗೆ ವೀರೇಶಪ್ಪ ಬಂದರು. ರೋಗ ಕೊಟ್ಟು ಔಷಧ ಮಾರುವವರನ್ನು ನಾನು ಬಲ್ಲೆ. ಕುರ್ಚಿಯನ್ನು ಅವರ ಮೊಣಕೈಗೆ ತಾಗುವಂತೆ ಎಳೆದುಕೊಂಡು ಕಾವಲು ಕೂತೆ.

"ಸರ, ಚೂರು ಆ ಕಡಿ ಸರೀರಿ. ಮೌಸು ಆಡ್ಸಾಕ ಜಾಗ ಇಲ್ಲ" ಎಂದ ಅವರು, ಕಂಪ್ಯೂಟರಿನ ಕಸದ ಬುಟ್ಟಿ ತೆರೆದರು. ಕಾಣೆಯಾದ ಫೈಲು ಅಲ್ಲಿ ಹತ್ತಾರು ಸಂಗಾತಿಗಳೊಡನೆ ಸುಖವಾಗಿತ್ತು. "ನಿನ್ನೆ ಸಂಜಿ ಯಾರೋ ತಗದು ಒಗದಾರ್ರಿ."

ನಾನು ಕೆಮ್ಮಿದೆ. ಭಾನುವಾರ ಸಂಜೆ ಕಂಪ್ಯೂಟರಿನ ಒಳಗೂ ಒಂದು ತಪಾಸಣೆ ಇಟ್ಟುಕೊಂಡಿದ್ದೆ. ನಾನು ಕರೆಯದ, ಹೆಸರು ಓದಲೂ ಬಾರದ ಫೈಲುಗಳು ಅಲ್ಲಿ ಬಿಡಾರ ಹೂಡಿದ್ದವು. ಪಾಸ್ ಎಲ್ಲಿ? ಹೊರಗೆ ಹಾಕಿದೆ. 'ಖಂಡಿತವೇ?' ಎಂದು ಯಂತ್ರ ಕೇಳಿತ್ತು. ಮೂವತ್ತು ವರ್ಷದಲ್ಲಿ ಯಾವ ಲಾರಿಯವನೂ ನನ್ನನ್ನು ಹಾಗೆ ಕೇಳಿರಲಿಲ್ಲ. ಸಿಟ್ಟಿನಿಂದಲೇ 'ಹೌದು' ಒತ್ತಿದ್ದೆ.

"ಕಳ್ಳನ್ನ ಕಂಪ್ಲಿತನ ಹುಡುಕಿದ್ರಿ. ಅಂವ ಇಲ್ಲೇ ಚಸ್ಮಾ ಹಾಕ್ಕೊಂಡು ಕುಂತಾನ" ಎಂದಳು ಹೆಂಡತಿ.

ವೀರೇಶಪ್ಪ ಫೈಲನ್ನು ಸ್ವಸ್ಥಾನಕ್ಕೆ ಮರಳಿಸಿದರು. ಪಟ್ಟಿ ತೆರೆಯಿತು. "ಮೊದ್ಲು ಕಂಪ್ಲಿಯವ್ರ ಹೆಸರು ಓದ್ರಿ" ಎಂದಳು. ಓದಿದೆ. ಇನ್ನೊಮ್ಮೆ, ಮೆಲ್ಲಗೆ ಓದಿದೆ. ಪಂಪಣ್ಣ ಇರಲಿಲ್ಲ.

"ಅದೂ ಫೈಲಿನ ಜೊತಿಗೇ ಹೋಗಿರಬೇಕು" ಎಂದೆ. ವೀರೇಶಪ್ಪ ಪಾಪ, ಬುಟ್ಟಿಯನ್ನು ಮತ್ತೊಮ್ಮೆ ಜಾಲಾಡಿ, ಇಲ್ಲವೆಂದು ತಲೆಯಾಡಿಸಿದರು.

ಇದನ್ನು ಕಂಪ್ಲಿಯ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಮೊದಲ ಲಗ್ನಪತ್ರಿಕೆ ತೊಡೆಯ ಮೇಲಿದೆ. ಪಂಪಣ್ಣ ಬಾಗಿಲಲ್ಲಿ ನಿಂತು ಪಾಸ್ ಕೇಳಿದರೆ ಏನು ತೋರಿಸುವುದೆಂದು ಮಾತ್ರ ಇನ್ನೂ ಹೊಳೆದಿಲ್ಲ.